ಹಳೆಯ ಕಾರು ಏರು ಹತ್ತದಾದಾಗ

ಮೋಟಾರು ಗಾಡಿಗಳಲ್ಲಿ ತಲೆದೋರುವ ದೋಷಗಳಲ್ಲಿ ಎರಡು ಬಗೆಗಳುಂಟು. ಗಾಡಿಯನ್ನು ನಡುರಸ್ತೆಯಲ್ಲಿ ಒಮ್ಮೆಗೇ ನಿಲ್ಲಿಸಿ, ಒಡೆಯನನ್ನು ಬಿಸಿಲಿಗೋ ಮಳೆಗೋ ಇಳಿಸಿ, ತಮ್ಮ ಇರವನ್ನು ನಿಸ್ಸಂದಿಗ್ಧವಾಗಿ ಸಾರತಕ್ಕವು ಒಂದು ಬಗೆ; ಗಾಡಿಯನ್ನು ನಿಲ್ಲಿಸದೆ, ಸದ್ದುಗದ್ದಲವಿಲ್ಲದೆ, ತಿಂಗಳಿಂದ ತಿಂಗಳಿಗೆ ಅದರ ಶಕ್ತಿಯನ್ನು ಅಷ್ಟಷ್ಟಾಗಿ ಕುಂದಿಸುತ್ತ ಬರತಕ್ಕವು ಇನ್ನೊಂದು ಬಗೆ. ಮೊದಲನೆಯದು ಕ್ಲೇಶಕರವಾದರೂ ಪ್ರಾಮಾಣಿಕವಾದುದು. ಎರಡನೆಯದು ಹಾಗಲ್ಲ. ಚಾಲಕನ ಪಾದವು ತಾನರಿಯದೆಯೇ ಆಕ್ಸಿಲರೇಟರನ್ನು ದಿನದಿಂದ ದಿನಕ್ಕೆ ಕೂದಲೆಳೆಯಷ್ಟು ಹೆಚ್ಚಾಗಿ ಒತ್ತಲು ಕಲಿತುಬಿಡುತ್ತದೆ, ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದ ದಿಣ್ಣೆಯನ್ನು ಎರಡನೆಯದರಲ್ಲಿ ಹತ್ತುವುದು ಅಭ್ಯಾಸವಾಗುತ್ತದೆ, ಕಟ್ಟಕಡೆಗೆ ಒಂದು ದಿನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತಹೊರಟಾಗ, ಮೊದಲನೆಯ ಗೇರಿನಲ್ಲಿಯೂ ಗಾಡಿ ಏದುಸಿರು ಬಿಟ್ಟು ಹಿಂಜರಿಯಲು, “ನಿನ್ನೆಯವರೆಗೂ ಚೆನ್ನಾಗಿತ್ತಲ್ಲ!” ಎಂದು ಒಡೆಯನು ಆಶ್ಚರ್ಯಪಡುತ್ತಾನೆ. ನಿನ್ನೆ ಚೆನ್ನಾಗಿರಲಿಲ್ಲ, ನಿನ್ನೆ ಏರಿರಲಿಲ್ಲ, ಅಷ್ಟೆ.

ಹಳೆಯ ಕಾರು ಎಂದಾಗ ನಾನು ಮುಖ್ಯವಾಗಿ ಉದ್ದೇಶಿಸಿರುವುದು ಕಾರ್ಬರೇಟರನ್ನೂ ಕಾಂಟ್ಯಾಕ್ಟ್ ಪಾಯಿಂಟನ್ನೂ ಉಳ್ಳ, ಕಂಪ್ಯೂಟರಿನ ಹಂಗಿಲ್ಲದ ಗಾಡಿಗಳನ್ನು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಶ್ರೇಣಿಯನ್ನನುಸರಿಸಿ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಡರ್, ಇಟಲಿಯ ಫಿಯಟ್ 1100ರ ಸಂತತಿಯಾಗಿ ಮುಂಬಯಿಯ ಕುರ್ಲಾದಲ್ಲಿ ಹುಟ್ಟಿ ಮುಂದೆ ಪದ್ಮಿನಿ ಎಂಬ ಹೆಸರನ್ನು ಪಡೆದ ಪ್ರೀಮಿಯರ್ ಗಾಡಿ, ಇವೆರಡೂ ನಮ್ಮ ರಸ್ತೆಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಅಂಬಾಸಡರಿನಲ್ಲಿ ಬಹುಕಾಲ ಇದ್ದ ಪೆಟ್ರೋಲ್ ಎಂಜಿನ್ನು 1489 ಘನ ಸೆಂಟಿಮೀಟರಿನದು, ಪದ್ಮಿನಿಯದು 1089ರದು. ಹೊಸತಾಗಿದ್ದಾಗಲೇ ಇವುಗಳ ಬಲವು 50 ಅಶ್ವಶಕ್ತಿಯ ಆಸುಪಾಸಿನದಾದ್ದರಿಂದ, ಅದರಲ್ಲಿ ಹತ್ತು ಸೋರಿಹೋದರೆ ಐದರಲ್ಲೊಂದು ಪಾಲು ಹೋದಂತಾಯಿತು. ಈ ಕಾಲದ ನೂರು ಅಶ್ವಶಕ್ತಿಯ ಗಾಡಿಗೆ ಲೆಕ್ಕಕ್ಕೇ ಬಾರದ ನಷ್ಟ ಇವುಗಳಿಗೆ ಏರಿನಲ್ಲಿ ಮಾನಭಂಗವನ್ನುಂಟುಮಾಡುತ್ತದೆ.

ಪರೀಕ್ಷೆಗೆ ತೊಡಗುವ ಮೊದಲು, ಶಕ್ತಿ ನಿಜವಾಗಿಯೂ ಕುಂದಿದೆಯೇ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಎಂಜಿನ್ನು ಪೆಟ್ರೋಲನ್ನಷ್ಟೆ ಸೇವಿಸತಕ್ಕದ್ದಲ್ಲ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಅದಕ್ಕೆ ಬೇಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಮಂಗಳೂರಿನ ಗಾಳಿಗಿಂತ ನೂರಕ್ಕೆ ಎಂಟೊಂಬತ್ತು ಪಾಲು ಕಡಮೆ ಸಾಂದ್ರತೆಯ ಗಾಳಿ ಸಿಲಿಂಡರಿಗೆ ದೊರೆಯುತ್ತದೆ. ಸುಮಾರು 2240 ಮೀಟರು ಎತ್ತರದ ಉದಕಮಂಡಲದಲ್ಲಿ ಈ ನ್ಯೂನತೆ ಐದನೆಯ ಒಂದು ಪಾಲಿನಷ್ಟಾಗುತ್ತದೆ. ಅಷ್ಟೇ ಅಲ್ಲ, ಕಾರ್ಬರೇಟರು ಗಾಳಿಯ ಗಾತ್ರವನ್ನು ಕಂಡು ಪೆಟ್ರೋಲನ್ನು ಅಳೆಯುವುದರಿಂದ, ತೆಳುಗಾಳಿಗೆ ಪೆಟ್ರೋಲು ಮಿತಿಮೀರಿ ಬೆರೆತು, ಮಿಶ್ರಣ ದಪ್ಪವಾಗಿ, ಹೊಗೆ ಕಪ್ಪಿಡುತ್ತದೆ. ಆದುದರಿಂದ ಮೈಸೂರಿನಿಂದ ಹೊರಟು ಮಸಿನಗುಡಿಯ ಮೇಲೆ ಕಲ್ಹಟ್ಟಿಯ 36 ಕಡಿದಾದ ತಿರುವುಗಳನ್ನು ಹತ್ತಿದವರು, ಗಾಡಿ ಸೊರಗಿತೆಂದು ಊಟಿಯಲ್ಲಿ ಕಾರ್ಬರೇಟರಿನ ತಿರುಪುಗಳನ್ನು ತಿರುಗಿಸಿ ಬಂದರೆ, ಅದರ ಫಲವನ್ನು ಮೈಸೂರಿಗೆ ಮರಳಿದ ಮೇಲೆ ಅನುಭವಿಸಬೇಕಾಗುತ್ತದೆ. ಗಾಡಿಯ ಬಲವನ್ನು ಅಳೆಯತಕ್ಕದ್ದು ನಿಮ್ಮ ಊರಿನ ಪರಿಚಿತವಾದ ಒಂದು ದಿಣ್ಣೆಯಲ್ಲಿ: ಇಷ್ಟು ಜನ ಕುಳಿತಿದ್ದಾಗ, ಬುಡದಲ್ಲಿ ಇಂಥ ವೇಗದಿಂದ, ಇಂಥ ಗೇರಿನಲ್ಲಿ ಹೊರಟರೆ ತುದಿಯಲ್ಲಿ ಎಷ್ಟು ವೇಗ ಉಳಿಯುತ್ತದೆಂಬುದನ್ನು, ಗಾಡಿ ಸುಸ್ಥಿತಿಯಲ್ಲಿರುವಾಗಲೇ ಒಂದು ಪುಸ್ತಕದಲ್ಲಿ ಗುರುತುಹಾಕಿಕೊಂಡವನಿಗೆ ಮುಂದೆ ಸಂಶಯಕ್ಕೆ ಎಡೆಯಿರುವುದಿಲ್ಲ.

ಶಕ್ತಿ ಕುಂದಿರುವುದು ನಿಜವೆಂದಾದರೆ, ಮುಂದಿನ ಹೆಜ್ಜೆಯಲ್ಲಿ ನಮ್ಮವರು ಸಾಮಾನ್ಯವಾಗಿ ತಪ್ಪುದಾರಿ ಹಿಡಿಯುತ್ತಾರೆ. ಪ್ಲಗ್ಗು ಬದಲಾಯಿಸುವುದು, ಪ್ರಯೋಜನವಿಲ್ಲವಾದರೆ ಕಾಯಿಲ್, ಅದೂ ಆಗದಿದ್ದರೆ ಕಾರ್ಬರೇಟರನ್ನು ಬಿಚ್ಚಿ ತೊಳೆಯುವುದು. ಹೀಗೆ ಹಳೆಯ ಸಾಮಾನುಗಳೆಲ್ಲ ಹೊರಬಿದ್ದು ಹೊಸವು ಕೂತಮೇಲೂ ದೋಷವು ತಾನಿದ್ದೆಡೆಯಲ್ಲಿಯೇ ಇರುತ್ತದೆ, ಒಮ್ಮೊಮ್ಮೆ ಹೊಸ ಸಾಮಾನಿನ ದೋಷವನ್ನೂ ಜೊತೆಗೂಡಿಸಿಕೊಂಡು. ಇದಕ್ಕೆ ಪ್ರತಿಯಾಗಿ, ನಾನು ಕಂಡ ಹಳೆಯ ತಲೆಮಾರಿನ ಮೇಸ್ತ್ರಿಗಳೊಬ್ಬರು ಬಾನೆಟ್ಟನ್ನು ಮುಟ್ಟುವ ಮುನ್ನ ಗಾಡಿಯ ಒಡೆಯರನ್ನು ಬೆಂಚಿನ ಮೇಲೆ ಕೂರಿಸಿ, ಕಾಫಿ ತರಿಸಿ, ವಿಚಾರಣೆ ನಡೆಸುತ್ತಿದ್ದರು.

“ಎಳೆಯೋದಿಲ್ಲ ಮೇಸ್ತ್ರಿಗಳೆ, ಪಿಕಪ್ಪೇ ಇಲ್ಲ.”

“ಅದು ಸರಿ ಸ್ವಾಮಿ, ಯಾವಾಗ ಎಳೆಯೋದಿಲ್ಲ? ಬೆಳಗ್ಗೆ ತಣ್ಣಗಿದ್ದಾಗಲೋ, ಕಾದ ಮೇಲೋ? ಏರಿನಲ್ಲಿ ಮಾತ್ರವೋ, ಸಮದಾರಿಯಲ್ಲೂವೋ? ಎಂಜಿನ್ ಕೂಗುತ್ತಾ, ಮುಕ್ಕರಿಯುತ್ತಾ? ಇದ್ದಕ್ಕಿದ್ದಂತೆ ಬಂತೋ, ಬರಬರುತ್ತಾ ಬಂತೋ? ಇದಕ್ಕೆ ಮುಂಚೆ ಯಾರಾದರೂ ಏನಾದರೂ ಬಿಚ್ಚಿದರೋ?”

ಈ ‘ಯಾವಾಗ’ ಎಂಬ ಪ್ರಶ್ನೆಗೆ ದೊರೆಯುವ ಉತ್ತರದಲ್ಲಿ ದೋಷದ ಅರ್ಧ ವಿಳಾಸವಿರುತ್ತದೆ. ಎಲ್ಲ ಹೊತ್ತಿನಲ್ಲಿಯೂ ಒಂದೇ ಸಮನೆ ಇರುವ ನಿಶ್ಶಕ್ತಿಯ ಕಾರಣ ಒಂದು. ಅರ್ಧ ಗಂಟೆ ಓಡಿದಮೇಲೆ ಬರತಕ್ಕದ್ದರ ಕಾರಣ ಮತ್ತೊಂದು. ಹಗುರವಾಗಿ ಓಡಿಸಿದರೆ ಇಲ್ಲದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ ಕಾಣಿಸಿಕೊಳ್ಳುವುದರ ಕಾರಣ ಬೇರೆಯೇ.

ಎಂಜಿನ್ನು ಕೂಗುತ್ತದೆಯೋ ಎಂಬ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಏರಿನಲ್ಲಿ ಎಂಜಿನ್ನಿನ ಸದ್ದು ಮೇಲೇರುತ್ತಿದ್ದು, ಗಾಡಿಯ ವೇಗ ಮಾತ್ರ ಏರದಿದ್ದರೆ, ಶಕ್ತಿ ಉತ್ಪತ್ತಿಯಾಗುತ್ತಲೇ ಇದೆ, ಚಕ್ರವನ್ನು ಮುಟ್ಟುತ್ತಿಲ್ಲ ಎಂದರ್ಥ. ಕ್ಲಚ್ ಪ್ಲೇಟು ಜಾರುತ್ತಿದೆ. ಸಮತಲದಲ್ಲಿ ಗಾಡಿಯನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕನ್ನು ಬಿಗಿಯಾಗಿ ಎಳೆದು, ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟರೆ ಎಂಜಿನ್ನು ತಟ್ಟನೆ ನಿಂತುಹೋಗಬೇಕು. ನಿಲ್ಲದೆ ತಿರುಗುತ್ತಲೇ ಇದ್ದರೆ ಬೇರೆ ಸಾಕ್ಷ್ಯ ಬೇಡ. ಈ ಪರೀಕ್ಷೆಯನ್ನು ಪದೇ ಪದೇ ಮಾಡಿದರೆ ಅರೆಜೀವದ ಪ್ಲೇಟಿನ ಉಳಿದ ಆಯುಸ್ಸೂ ಮುಗಿಯುತ್ತದೆ. ಇದರ ನೆರೆಯ ದೋಷವೆಂದರೆ ಬ್ರೇಕು ಹಿಡಿದುಕೊಂಡಿರುವುದು. ತುಕ್ಕು ಹಿಡಿದ ಹ್ಯಾಂಡ್ ಬ್ರೇಕ್ ಕೇಬಲ್ಲು, ಉಬ್ಬಿದ ರಬ್ಬರ್ ವಾಷರು, ಪೆಡಲಿಗೆ ಇರಬೇಕಾದ ಸಡಿಲ ಇಲ್ಲದಿರುವುದು, ಇವುಗಳಿಂದ ಬ್ರೇಕಿನ ಶೂ ಡ್ರಮ್ಮನ್ನು ಬಿಡದೆ ಉಜ್ಜುತ್ತಿದ್ದರೆ ಎಂಜಿನ್ನು ಎಷ್ಟು ದುಡಿದರೂ ಅದರ ದುಡಿಮೆ ಶಾಖವಾಗಿ ವ್ಯಯವಾಗುತ್ತದೆ. ನಾಲ್ಕಾರು ಮೈಲಿ ಓಡಿಸಿ, ಬ್ರೇಕನ್ನು ಆದಷ್ಟು ಬಳಸದೆ ತಾನಾಗಿ ನಿಲ್ಲಗೊಟ್ಟು, ನಾಲ್ಕು ಚಕ್ರಗಳ ನಡುಭಾಗದ ಬಳಿ ಕೈಯೊಡ್ಡಿ ನೋಡಿರಿ. ಯಾವುದೋ ಒಂದು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದನ್ನು ಜಾಕಿಯ ಮೇಲೆತ್ತಿ ತಿರುಗಿಸಿದರೆ ತಿಳಿಯುತ್ತದೆ.

ಇಷ್ಟನ್ನು ನೋಡಿಯಾದ ಮೇಲೆ, ಎಂಜಿನ್ನನ್ನು ಬಿಚ್ಚುವುದಕ್ಕೆ ಇನ್ನೂ ಹೊತ್ತಿದೆ. ಒಬ್ಬರನ್ನು ಗಾಡಿಯೊಳಗೆ ಕೂರಿಸಿ, ಎಂಜಿನ್ನು ನಿಂತಿರುವಾಗಲೇ ಆಕ್ಸಿಲರೇಟರನ್ನು ನೆಲಮುಟ್ಟ ಒತ್ತಹೇಳಿ, ಏರ್ ಕ್ಲೀನರನ್ನು ತೆಗೆದು ಕಾರ್ಬರೇಟರಿನ ಕೊರಳಿನೊಳಗೆ ಇಣುಕಿ ನೋಡಬೇಕು. ಒಳಗಿನ ಥ್ರಾಟಲ್ ತಟ್ಟೆ ನೆಟ್ಟಗೆ ನಿಂತು ದಾರಿಯನ್ನು ಪೂರ್ತಿಯಾಗಿ ತೆರೆದಿದೆಯೇ? ಸವೆದ ಸಂದುಗಳು, ಬಗ್ಗಿದ ಕಡ್ಡಿ, ಎಲ್ಲಕ್ಕಿಂತ ಹೆಚ್ಚಾಗಿ ಗೃಹಿಣಿಯು ಪ್ರೀತಿಯಿಂದ ಹಾಸಿದ ದಪ್ಪ ಜಮಖಾನ, ಇವು ಆ ತಟ್ಟೆಯನ್ನು ಮುಕ್ಕಾಲರಲ್ಲಿಯೇ ತಡೆದು ನಿಲ್ಲಿಸಿರುವ ಸಂದರ್ಭಗಳುಂಟು. ಅದೇ ಇಣುಕುನೋಟದಲ್ಲಿ ಚೋಕಿನ ತಟ್ಟೆ ಪೂರ್ತಿ ತೆರೆದಿದೆಯೇ ಎಂಬುದೂ, ಏರ್ ಕ್ಲೀನರಿನಲ್ಲಿ ಕೆಮ್ಮಣ್ಣು ಮೆತ್ತಿದೆಯೇ ಎಂಬುದೂ ತಿಳಿದುಬರುತ್ತದೆ. ವರ್ಷಗಟ್ಟಲೆ ಷೆಡ್ಡಿನಲ್ಲಿ ನಿಂತಿದ್ದ ಗಾಡಿಯಾದರೆ ಅಲ್ಲಿ ಇಲಿಯ ಗೂಡನ್ನು ಕಂಡು ಯಾರೂ ಬೆರಗಾಗಬೇಕಿಲ್ಲ. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಕಡೆಯಲ್ಲಿ ಮಾಡುವವರೇ ಹೆಚ್ಚು; ಕಾರಣವೇನೆಂಬುದು ನನಗೆ ಅರ್ಥವಾಗಿಲ್ಲ.

ಇನ್ನು ಎಂಜಿನ್ನಿನ ವಿಚಾರ. ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ನಡೆಸಿ ತೋರಿಸಿದ ಚೂಷಣ, ಸಂಪೀಡನ, ಸ್ಫೋಟ, ನಿಷ್ಕಾಸನಗಳೆಂಬ ನಾಲ್ಕು ಹೊಡೆತಗಳ ಕ್ರಮವೇ ಈ ಗಾಡಿಗಳಲ್ಲಿಯೂ ನಡೆಯುವುದು. ತಕ್ಕ ಮಿಶ್ರಣ, ಬಿಗಿಯಾದ ಸಂಪೀಡನ, ಸಕಾಲದ ಕಿಡಿ, ನಿರಾತಂಕವಾದ ನಿರ್ಗಮನ: ಈ ನಾಲ್ಕರಲ್ಲಿ ಯಾವುದು ಕೊರೆಯಾದರೂ ಶಕ್ತಿಗೆ ಕುಂದು. ಹಳೆಯ ಗಾಡಿಗಳಲ್ಲಿ ಅತಿ ಹೆಚ್ಚು ಬಾರಿ ಕೊರೆಯಾಗುವುದು ಕಿಡಿಯ ವಿಭಾಗವಾದ್ದರಿಂದ ಅಲ್ಲಿಂದಲೇ ಆರಂಭಿಸುವುದು ವಿವೇಕ.

ಮೊದಲು ನಾಲ್ಕು ಸಿಲಿಂಡರುಗಳೂ ದುಡಿಯುತ್ತಿವೆಯೇ ಎಂದು ನೋಡತಕ್ಕದ್ದು. ಎಂಜಿನ್ನು ಮೆಲ್ಲಗೆ ತಿರುಗುತ್ತಿರುವಾಗ, ಹಿಡಿಗೆ ರಬ್ಬರು ಸುತ್ತಿದ ಇಕ್ಕಳದಿಂದ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ಮತ್ತೆ ಸಿಕ್ಕಿಸುತ್ತ ಬನ್ನಿರಿ. ದುಡಿಯುತ್ತಿರುವ ಸಿಲಿಂಡರಿನ ತಂತಿ ಕಳಚಿದೊಡನೆ ಎಂಜಿನ್ನಿನ ಲಯ ಕೆಡುತ್ತದೆ. ಕಳಚಿದರೂ ಲಯ ಬದಲಾಗದಿದ್ದರೆ ಆ ಸಿಲಿಂಡರು ಸುಮ್ಮನೆ ಕೂತು ಉಳಿದ ಮೂರರ ದುಡಿಮೆಯಲ್ಲಿ ಕಾಲಕಳೆಯುತ್ತಿತ್ತೆಂದು ತಿಳಿಯತಕ್ಕದ್ದು. ಇಲೆಕ್ಟ್ರಾನಿಕ್ ಇಗ್ನಿಷನ್ ಇರುವ ಹೊಸ ಗಾಡಿಗಳಲ್ಲಿ ಈ ಸಾಹಸ ಕೂಡದು. ಗಾಡಿಗೂ ಅಪಾಯ, ಕೈಗೂ ಅಪಾಯ. ಬಳಿಕ ಪ್ಲಗ್ಗುಗಳನ್ನು ಬಿಚ್ಚಿ ಸಿಲಿಂಡರಿನ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ತುದಿಯಲ್ಲಿ ತಿಳಿಕಂದು ಬಣ್ಣವಿದ್ದರೆ ದಹನವು ಕ್ರಮವಾಗಿದೆ. ಒಣ ಕಾಡಿಗೆಯಿದ್ದರೆ ಪೆಟ್ರೋಲು ಹೆಚ್ಚು. ಒದ್ದೆ ಎಣ್ಣೆಯ ಕಪ್ಪಾದರೆ ರಿಂಗು ಸವೆದಿದೆ. ಬಿಳಿಚಿದ್ದರೆ ಮಿಶ್ರಣ ತೆಳುವಾಗಿದೆ, ಇಲ್ಲವೆ ಎಂಜಿನ್ನು ಅತಿಯಾಗಿ ಕಾಯುತ್ತಿದೆ. ನಾಲ್ಕರಲ್ಲಿ ಮೂರು ಒಂದು ಬಣ್ಣ, ಒಂದು ಬೇರೆ ಬಣ್ಣವಾದರೆ ಕಾರ್ಬರೇಟರನ್ನು ದೂರುವುದು ನ್ಯಾಯವಲ್ಲ. ಅದು ನಾಲ್ಕಕ್ಕೂ ಸಮನಾಗಿ ಬಡಿಸುವ ಕೈ.

ಕಿಡಿಯ ವಿಷಯದಲ್ಲಿ ಒಂದು ಭ್ರಮೆ ಸರ್ವತ್ರ ಪ್ರಚಾರದಲ್ಲಿದೆ. ಪ್ಲಗ್ಗನ್ನು ಹೊರತೆಗೆದು, ಎಂಜಿನ್ನಿನ ಮೈಗೆ ತಾಗಿಸಿ, ಕಿಡಿ ಹಾರುವುದನ್ನು ಕಂಡು “ಕರೆಂಟು ಚೆನ್ನಾಗಿದೆ” ಎಂದು ತೀರ್ಪು ಕೊಡುವುದೇ ಅದು. ಹೊರಗಿನ ಗಾಳಿಯಲ್ಲಿ ಹಾರುವ ಕಿಡಿಯು ಸಿಲಿಂಡರಿನೊಳಗೆ, ಒತ್ತಿ ಸಾಂದ್ರವಾದ ಮಿಶ್ರಣದ ನಡುವೆ, ಹಾರಿಯೇ ತೀರುತ್ತದೆಂಬ ನಿಯಮವಿಲ್ಲ. ಒತ್ತಡ ಹೆಚ್ಚಿದಷ್ಟೂ ಕಿಡಿಗೆ ಹೆಚ್ಚಿನ ವೋಲ್ಟೇಜು ಬೇಕಾಗುತ್ತದೆ. ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗಲೇ ಸಿಲಿಂಡರು ಪೂರ್ತಿ ತುಂಬಿ ಒತ್ತಡವು ಪರಮಾವಧಿಗೇರುವುದರಿಂದ, ದುರ್ಬಲವಾದ ಕಾಯಿಲ್ಲು, ಸೋರುವ ಕಂಡೆನ್ಸರು, ಅಗಲಿಸಿದ ಪ್ಲಗ್ಗಿನ ಸಂದು, ಡೆಲ್ಕೊ ಎಂದು ನಮ್ಮವರು ಕರೆಯುವ ಡಿಸ್ಟ್ರಿಬ್ಯೂಟರಿನ ಬಿರುಕುಬಿಟ್ಟ ಮುಚ್ಚಳ, ಇವೆಲ್ಲವೂ ಸಮದಾರಿಯಲ್ಲಿ ಸಾಧುಗಳಂತಿದ್ದು ಏರಿನಲ್ಲಿ ಮಾತ್ರ ಮಿಸ್ಸಿಂಗನ್ನುಂಟುಮಾಡುತ್ತವೆ. ಮಳೆಗಾಲದ ಒಂದು ರಾತ್ರಿ, ದೀಪವನ್ನೆಲ್ಲ ಆರಿಸಿ, ಬಾನೆಟ್ಟನ್ನೆತ್ತಿ, ಓಡುತ್ತಿರುವ ಎಂಜಿನ್ನನ್ನು ಕತ್ತಲಲ್ಲಿ ನೋಡಿದರೆ, ಹಳೆಯ ತಂತಿಗಳ ಮೈಮೇಲೆ ನೀಲಿಯ ಕಿರುಮಿಂಚುಗಳು ಹರಿದಾಡುವುದು ಎಷ್ಟೋ ಗಾಡಿಗಳಲ್ಲಿ ಕಾಣುತ್ತದೆ. ಸಿಲಿಂಡರಿಗೆ ಸೇರಬೇಕಾದ ಕಿಡಿಗಳು ಅವು. ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರು, ಪ್ಲಗ್ಗಿನದು ಸುಮಾರು 0.6, ಫೀಲರ್ ಗೇಜು ಹಿಡಿದು ಇವೆರಡನ್ನೂ ಅಳೆಯಲು ಹತ್ತು ನಿಮಿಷ ಸಾಕು.

ಕಿಡಿ ಪ್ರಬಲವಾಗಿದ್ದರೂ ಅಕಾಲದಲ್ಲಿ ಹಾರಿದರೆ ವ್ಯರ್ಥ. ಮಿಶ್ರಣವು ಹೊತ್ತಿ ಪೂರ್ಣ ಒತ್ತಡವನ್ನು ತಲಪಲು ಅಲ್ಪಕಾಲ ಹಿಡಿಯುತ್ತದೆ. ಅದು ಒಂದು ಸೆಕೆಂಡಿನ ಐನೂರರಲ್ಲೊಂದು ಭಾಗವೆಂದು ಸ್ಥೂಲವಾಗಿ ಇಟ್ಟುಕೊಂಡರೆ, ನಿಮಿಷಕ್ಕೆ 600 ಸುತ್ತು ತಿರುಗುವಾಗ ಅಷ್ಟರಲ್ಲಿ ಕ್ರ್ಯಾಂಕು ಏಳು ಡಿಗ್ರಿ ತಿರುಗುತ್ತದೆ, 3000 ಸುತ್ತು ತಿರುಗುವಾಗ 36 ಡಿಗ್ರಿ. ಆದುದರಿಂದ ವೇಗ ಹೆಚ್ಚಿದಂತೆಲ್ಲ ಕಿಡಿಯು ಮುಂಚಿತವಾಗಿಯೇ ಹಾರತಕ್ಕದ್ದು. ಈ ಕೆಲಸಕ್ಕಾಗಿ ಡೆಲ್ಕೊದೊಳಗೆ ಸ್ಪ್ರಿಂಗುಗಳಿಗೆ ಕಟ್ಟಿದ ಎರಡು ಪುಟ್ಟ ತೂಕದ ತುಂಡುಗಳಿವೆ. ವೇಗ ಹೆಚ್ಚಿದಾಗ ಅವು ಹೊರಚಾಚಿ ಕಿಡಿಯ ಕಾಲವನ್ನು ಮುಂದಕ್ಕೆ ತರುತ್ತವೆ. ವರ್ಷಾನುಗಟ್ಟಲೆ ಒಂದು ಹನಿ ಎಣ್ಣೆ ಕಾಣದೆ ಅವು ತುಕ್ಕಿನಿಂದ ಹಿಡಿದುಕೊಂಡಿರುವುದು ಹಳೆಯ ಗಾಡಿಗಳಲ್ಲಿ ಅತಿಸಾಮಾನ್ಯ, ಮತ್ತು ಅತಿ ಉಪೇಕ್ಷಿತ. ಗಾಡಿ ನಿಂತಲ್ಲಿ ಸೊಗಸಾಗಿ ತಿರುಗುತ್ತದೆ, ಮೆಲ್ಲಗೆ ಹೊರಟರೆ ಹೊರಡುತ್ತದೆ, ವೇಗವನ್ನು ಬೇಡಿದಾಗ ಮಾತ್ರ ಭಾರವಾಗುತ್ತದೆ. ಮುಚ್ಚಳ ತೆಗೆದು ರೋಟರನ್ನು ಬೆರಳಿನಿಂದ ಅದು ತಿರುಗುವ ದಿಕ್ಕಿಗೆ ತುಸು ತಿರುಗಿಸಿ ಬಿಟ್ಟರೆ, ಅದು ಚಂಗನೆ ಸ್ವಸ್ಥಾನಕ್ಕೆ ಹಿಂದಿರುಗಬೇಕು. ಹಿಂದಿರುಗದೆ ಸೋಮಾರಿಯಂತೆ ಬಿದ್ದಿದ್ದರೆ ಅಪರಾಧಿ ಸಿಕ್ಕಿದಂತೆಯೇ. ಪಕ್ಕದ ವ್ಯಾಕ್ಯೂಮ್ ಡಬ್ಬಿಯ ರಬ್ಬರ್ ಪರದೆ ಹರಿದಿದೆಯೇ ಎಂಬುದಕ್ಕೆ ಅದರ ಸಣ್ಣ ಕೊಳವೆಯನ್ನು ಕಾರ್ಬರೇಟರಿನ ಕಡೆಯಿಂದ ಕಳಚಿ, ಬಾಯಿಂದ ಹೀರಿ, ನಾಲಗೆಯಿಂದ ಮುಚ್ಚಿಹಿಡಿಯುವುದೇ ಪರೀಕ್ಷೆ. ಪಾಯಿಂಟಿನ ತಟ್ಟೆ ಸರಿದು ಅಲ್ಲಿಯೇ ನಿಲ್ಲಬೇಕು. ಇದರಲ್ಲಿ ಪೆಟ್ರೋಲಿನ ರುಚಿಯನ್ನು ನೋಡುವ ಯೋಗವೂ ಇದೆಯೆಂಬುದನ್ನು ಮುಂಚಿತವಾಗಿ ತಿಳಿಸಿಬಿಡುತ್ತೇನೆ.

ಪೆಟ್ರೋಲಿನ ವಿಭಾಗಕ್ಕೆ ಬಂದರೆ, ದಾರಿಯಲ್ಲಿಯೇ ಮಾಡಬಹುದಾದ ಒಂದು ಉಪಾಯ ಬಹು ಬೆಲೆಯುಳ್ಳದ್ದು. ಏರಿನಲ್ಲಿ ಗಾಡಿ ಸೊರಗಿದಾಗ ಚೋಕನ್ನು ಕಾಲುಭಾಗ ಎಳೆದು ನೋಡಿರಿ. ಎಳೆದೊಡನೆ ಗಾಡಿ ಚೇತರಿಸಿಕೊಂಡರೆ ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ: ಜೆಟ್ಟಿನಲ್ಲಿ ಕಸವಿದೆ, ಇಲ್ಲವೆ ಪಂಪು ದುರ್ಬಲವಾಗಿದೆ, ಇಲ್ಲವೆ ಮ್ಯಾನಿಫೋಲ್ಡಿನ ಸಂದಿನಿಂದ ಕಳ್ಳಗಾಳಿ ನುಗ್ಗುತ್ತಿದೆ. ಇನ್ನಷ್ಟು ಸೊರಗಿದರೆ ಪೆಟ್ರೋಲು ಈಗಾಗಲೇ ಹೆಚ್ಚಾಗಿದೆ, ಇಲ್ಲವೆ ದೋಷ ಬೇರೆ ಕಡೆ ಇದೆ. ನಿಂತಲ್ಲಿ ಎಂಜಿನ್ನು ಚೆನ್ನಾಗಿಯೇ ತಿರುಗುತ್ತದೆಯಲ್ಲ, ಕಾರ್ಬರೇಟರು ಕೆಟ್ಟಿರಲಾರದು ಎಂದು ವಾದಿಸುವವರು, ನಿಂತಲ್ಲಿ ತಿರುಗುವಾಗಿನ ಪೆಟ್ರೋಲು ಬೇರೊಂದು ಸಣ್ಣ ದಾರಿಯಿಂದ ಬರತಕ್ಕದ್ದು, ಮುಖ್ಯ ಜೆಟ್ಟಿನಿಂದಲ್ಲ ಎಂಬುದನ್ನು ಮರೆಯುತ್ತಾರೆ.

ನನ್ನ ಸ್ನೇಹಿತರೊಬ್ಬರ ಗಾಡಿ ಹಾಸನದಿಂದ ಸಕಲೇಶಪುರದ ಕಡೆಗೆ ಹೊರಟರೆ, ಅರ್ಧದಾರಿ ಚೆನ್ನಾಗಿ ಓಡಿ ಆಮೇಲೆ ಕ್ರಮೇಣ ಸೊರಗಿ, ಕಡೆಗೆ ಮುಕ್ಕರಿಯುತ್ತಿತ್ತು. ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಮೊದಲಿನಂತೆ ಓಟ. ಪ್ಲಗ್ಗು, ಕಾಯಿಲ್ಲು, ಪಂಪು ಎಲ್ಲವೂ ಹೊಸವಾದವು. ಕಾರ್ಬರೇಟರು ಎರಡು ಗ್ಯಾರೇಜುಗಳಲ್ಲಿ ಮಜ್ಜನ ಮಾಡಿ ಬಂದಿತು. ಅವರ ದೂರಿನಲ್ಲಿ ಒಂದು ವಿಚಿತ್ರವಾದ ಮಾತಿತ್ತು: ಯಾವ ಬಂಕಿನಲ್ಲಿ ಪೆಟ್ರೋಲು ಹಾಕಿಸಿದರೂ ಹಾಕಿಸಿದೊಡನೆ ಗಾಡಿ ಚೆನ್ನಾಗಿ ಓಡುತ್ತದೆ, ಆಮೇಲೆ ಕೆಡುತ್ತದೆ, ಆದುದರಿಂದ ಈಗಿನ ಪೆಟ್ರೋಲಿನ ಸಾರವು ಬೇಗ ಇಂಗಿಹೋಗುತ್ತದೆ ಎಂಬ ಸಿದ್ಧಾಂತವನ್ನೇ ಅವರು ಕಟ್ಟಿದ್ದರು. ಪೆಟ್ರೋಲು ಹಾಕಿಸುವಾಗ ನಡೆಯುವ ಒಂದು ಕ್ರಿಯೆ, ಎಂದರೆ ಟ್ಯಾಂಕಿನ ಮುಚ್ಚಳವನ್ನು ತೆರೆಯುವುದು, ಅವರ ಗಮನಕ್ಕೆ ಬಂದಿರಲಿಲ್ಲ. ಹಳೆಯ ಮುಚ್ಚಳ ಕಳೆದುಹೋಗಿ ಹೊಸತೊಂದನ್ನು ಕೊಂಡಿದ್ದರು. ಅದರಲ್ಲಿ ಗಾಳಿಯಾಡುವ ರಂಧ್ರವೇ ಇರಲಿಲ್ಲ. ಎಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ಸುರಿಯದೆ ತಡೆಯುವಂತೆ, ಪಂಪು ಹೀರಿದಷ್ಟೂ ಟ್ಯಾಂಕಿನೊಳಗೆ ನಿರ್ವಾತವೇರ್ಪಟ್ಟು, ಪೆಟ್ರೋಲು ಬರುವುದೇ ನಿಲ್ಲುತ್ತಿತ್ತು. ಗಾಡಿ ಸೊರಗಿದ ಗಳಿಗೆಯಲ್ಲಿ ಮುಚ್ಚಳವನ್ನು ಸಡಿಲಿಸಿದಾಗ ಉಸ್ಸೆಂದು ಗಾಳಿ ಒಳನುಗ್ಗಿದ ಸದ್ದಿನಲ್ಲಿಯೇ ಎಲ್ಲವೂ ಇತ್ಯರ್ಥವಾಯಿತು.

ಹೀಗೆ ಓಡಿದಮೇಲೆ ಬಂದು, ನಿಂತಮೇಲೆ ಹೋಗುವ ನಿಶ್ಶಕ್ತಿಗೆ ಬೇರೆ ಕಾರಣಗಳೂ ಇವೆ. ಕಾದಾಗ ಕೆಲಸ ಬಿಡುವ ಕಾಯಿಲ್ಲು ಒಂದು. ಬೇಸಗೆಯ ಘಟ್ಟದಲ್ಲಿ ಪಂಪಿನೊಳಗೆ ಪೆಟ್ರೋಲು ಆವಿಯಾಗಿ ದಾರಿಯನ್ನು ತಡೆಯುವುದು ಇನ್ನೊಂದು. ನಮ್ಮ ಟ್ಯಾಕ್ಸಿ ಚಾಲಕರು ಎಸಿ ಪಂಪೆಂಬ ಈ ಪೆಟ್ರೋಲ್ ಪಂಪಿನ ಮೇಲೆ ಒದ್ದೆಬಟ್ಟೆ ಸುತ್ತುತ್ತಿದ್ದುದು ಮೂಢನಂಬಿಕೆಯಲ್ಲ, ಸುಶಾಸ್ತ್ರೀಯವಾದ ಚಿಕಿತ್ಸೆ. ಈಚೆಗೆ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೂ ಎಥನಾಲ್ ಬೆರೆಯುತ್ತಿರುವುದರಿಂದ ಹಳೆಯ ಗಾಡಿಗಳಿಗೆ ಹೊಸ ತೊಡಕುಗಳು ಸೇರಿವೆ. ಲೀಟರಿಗೆ ಲೀಟರು ಹೋಲಿಸಿದರೆ ಎಥನಾಲಿನ ಶಾಖ ಪೆಟ್ರೋಲಿನದಕ್ಕಿಂತ ಸುಮಾರು ಮೂರರಲ್ಲೊಂದು ಪಾಲು ಕಡಮೆ, ಅದು ಬೇಡುವ ಗಾಳಿಯೂ ಕಡಮೆ. ಆದುದರಿಂದ ಶುದ್ಧ ಪೆಟ್ರೋಲಿಗೆಂದು ಕೊರೆದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹಳೆಯ ರಬ್ಬರು ಕೊಳವೆಗಳನ್ನೂ ಪಂಪಿನ ಪರದೆಯನ್ನೂ ಅದು ಉಬ್ಬಿಸಿ ಮೆತ್ತಗಾಗಿಸುತ್ತದೆ. ಟ್ಯಾಂಕಿನ ಗೋಡೆಗೆ ಹತ್ತಾರು ವರ್ಷಗಳಿಂದ ಅಂಟಿಕೊಂಡಿದ್ದ ಕಿಲುಬನ್ನು ಕರಗಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಹೊರಗಿನಿಂದ ಹೊಚ್ಚಹೊಸದಾಗಿ ಕಾಣುವ ಕೊಳವೆ ಒಳಗಡೆ ಉಬ್ಬಿ ಸೂಜಿಯ ಕಣ್ಣಿನಷ್ಟು ಕಿರಿದಾಗಿರಬಹುದು. ಕಾರ್ಬರೇಟರಿನ ಬಳಿ ಕೊಳವೆಯನ್ನು ಕಳಚಿ, ಕಾಯಿಲ್ಲಿನ ತಂತಿಯನ್ನೂ ಕಳಚಿ, ಬಾಟಲಿಯೊಳಗೆ ಹಿಡಿದು ಎಂಜಿನ್ನನ್ನು ಸ್ಟಾರ್ಟರಿನಿಂದ ತಿರುಗಿಸಿದರೆ, ಪೆಟ್ರೋಲು ತಡೆತಡೆದು ಜೋರಾಗಿ ಚಿಮ್ಮಬೇಕು. ಹತ್ತಿರ ಬೀಡಿ ಸೇದುವವರಾರೂ ಇರಕೂಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಿಡಿಯೂ ಪೆಟ್ರೋಲೂ ನಿರ್ದೋಷಿಗಳೆಂದು ಸ್ಥಿರಪಟ್ಟ ಮೇಲೆ ಸಂಪೀಡನದ ಸರದಿ. ಎಂಜಿನ್ನನ್ನು ಬಿಸಿಮಾಡಿ, ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಕಾಯಿಲ್ಲಿನ ತಂತಿಯನ್ನು ಕಳಚಿ, ಥ್ರಾಟಲನ್ನು ಪೂರ್ತಿ ತೆರೆದಿಟ್ಟು, ಒಂದೊಂದು ರಂಧ್ರಕ್ಕೂ ಮಾಪಕವನ್ನಿಟ್ಟು ಸ್ಟಾರ್ಟರಿನಿಂದ ಸಮಾನ ಸಂಖ್ಯೆಯ ಸುತ್ತುಗಳನ್ನು ತಿರುಗಿಸಬೇಕು. ಈ ಬಗೆಯ ಗಾಡಿಗಳಲ್ಲಿ ಚದರ ಇಂಚಿಗೆ 120ರಿಂದ 150 ಪೌಂಡು ಬಂದರೆ ಸಂತೋಷ. ಆದರೆ ಸಂಖ್ಯೆಯ ಹಿರಿಮೆಗಿಂತ ನಾಲ್ಕರ ನಡುವಣ ಸಾಮ್ಯವೇ ಮುಖ್ಯವಾದುದು. ಒಂದು ಸಿಲಿಂಡರು ಉಳಿದವುಗಳಿಗಿಂತ ನೂರಕ್ಕೆ ಹತ್ತು ಪಾಲಿಗೆ ಮೀರಿ ಹಿಂದೆ ಬಿದ್ದಿದ್ದರೆ, ಪ್ಲಗ್ಗಿನ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಹುಯ್ದು ಮತ್ತೆ ಅಳೆಯತಕ್ಕದ್ದು. ಎಣ್ಣೆಯಿಂದ ಒತ್ತಡ ಮೇಲೇರಿದರೆ ಸೋರಿಕೆ ರಿಂಗಿನಲ್ಲಿದೆ, ಏಕೆಂದರೆ ಎಣ್ಣೆ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು, ಏರದಿದ್ದರೆ ವಾಲ್ವಿನಲ್ಲಿ. ಒತ್ತೊತ್ತಿಗಿರುವ ಎರಡು ಸಿಲಿಂಡರುಗಳು ಜೊತೆಯಾಗಿ ಕುಸಿದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ಟು ಸುಟ್ಟಿದೆಯೆಂದು ಊಹಿಸುವುದೇ ಯುಕ್ತ.

ಮ್ಯಾನಿಫೋಲ್ಡಿಗೆ ಜೋಡಿಸುವ ನಿರ್ವಾತಮಾಪಕವನ್ನು ನಮ್ಮ ಗ್ಯಾರೇಜುಗಳು ಮೂಲೆಗೆ ಎಸೆದಿರುವುದು ವಿಷಾದಕರ. ಇಷ್ಟು ಅಗ್ಗವಾಗಿ ಇಷ್ಟೊಂದನ್ನು ಹೇಳುವ ಸಾಧನ ಬೇರಿಲ್ಲ. ನಿಂತಲ್ಲಿ ತಿರುಗುವ ಆರೋಗ್ಯವಂತ ಎಂಜಿನ್ನು ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು ಪಾದರಸವನ್ನು ಸ್ಥಿರವಾಗಿ ತೋರಿಸುತ್ತದೆ. ಎತ್ತರಕ್ಕೆ ಸಾವಿರ ಅಡಿಗೆ ಒಂದಿಂಚಿನಂತೆ ಕಳೆಯಬೇಕು. ಬೆಂಗಳೂರಿನಲ್ಲಿ 16 ಇಂಚು ಕಂಡು ಗಾಬರಿಪಡುವವರು ಪುಸ್ತಕವನ್ನು ಓದಿದ್ದಾರೆ, ಭೂಗೋಳವನ್ನು ಓದಿಲ್ಲ. ಮುಳ್ಳು ಸ್ಥಿರವಾಗಿದ್ದೂ ತಗ್ಗಿನಲ್ಲಿದ್ದರೆ ಟೈಮಿಂಗು ತಡವಾಗಿದೆ. ಒಂದೇ ಲಯದಲ್ಲಿ ಮತ್ತೆ ಮತ್ತೆ ಕೆಳಗೆ ಕುಕ್ಕುತ್ತಿದ್ದರೆ ಒಂದು ವಾಲ್ವು ಸುಟ್ಟಿದೆ.

ವಾಲ್ವುಗಳು ಸುಡುವುದಕ್ಕೆ ಹಳೆಯ ಗಾಡಿಗಳಲ್ಲಿ ಒಂದು ವಿಶೇಷ ಕಾರಣವೂ ಇದೆ. ಹಿಂದಿನ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸದ ಸಂಯುಕ್ತವು ನಾಕಿಂಗನ್ನು ತಡೆಯುವುದರ ಜೊತೆಗೆ ಎಕ್ಸಾಸ್ಟ್ ವಾಲ್ವಿನ ಪೀಠದ ಮೇಲೆ ತೆಳುಪೊರೆಯಾಗಿ ನೆಲೆಸಿ ಅದನ್ನು ಸವೆತದಿಂದ ಕಾಪಾಡುತ್ತಿತ್ತು. ಮನುಷ್ಯರ ಆರೋಗ್ಯದ ದೃಷ್ಟಿಯಿಂದ ಸೀಸವನ್ನು 2000ದ ಆರಂಭದ ಹೊತ್ತಿಗೆ ದೇಶದಲ್ಲೆಲ್ಲ ನಿಲ್ಲಿಸಿದ್ದು ಸರ್ವಥಾ ಸಾಧುವಾದ ಕಾರ್ಯ. ಆದರೆ ಎರಕದ ಕಬ್ಬಿಣದ ಹೆಡ್ಡಿನಲ್ಲಿಯೇ ಪೀಠವನ್ನು ಕೊರೆದಿದ್ದ ಹಳೆಯ ಎಂಜಿನ್ನುಗಳಲ್ಲಿ, ದೀರ್ಘಕಾಲ ಹೆಚ್ಚಿನ ವೇಗದಲ್ಲಿ ಓಡಿಸಿದರೆ, ವಾಲ್ವು ಪೀಠದೊಳಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗುತ್ತದೆ. ಇಳಿದಷ್ಟೂ ಟ್ಯಾಪೆಟ್ಟಿನ ಸಂದು ಮುಚ್ಚಿ, ಕಡೆಗೆ ವಾಲ್ವು ಪೂರ್ತಿ ಕೂರದೆ, ಬೆಂಕಿಯ ನಾಲಗೆ ಆ ಬಿರುಕಿನಲ್ಲಿ ಹಾದು ಅಂಚನ್ನು ಸುಡುತ್ತದೆ. ಅಂಬಾಸಡರಿನ 1489ರ ಎಂಜಿನ್ನಿನಲ್ಲಿ ಈ ಸಂದು 0.015 ಇಂಚು ಇರತಕ್ಕದ್ದು. ಟ್ಯಾಪೆಟ್ಟುಗಳ ಚಟಚಟ ಸದ್ದನ್ನು ಸಹಿಸಲಾರದೆ ಅದನ್ನು ಬಿಗಿಮಾಡಿಸುವ ಒಡೆಯರು, ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಮೌನವಾದ ಟ್ಯಾಪೆಟ್ಟೇ ಹೆಚ್ಚು ಭಯಂಕರವೆಂಬುದನ್ನು ಅರಿತುಕೊಂಡರೆ ಒಳ್ಳೆಯದು.

ನಿರ್ಗಮನದ ದಾರಿಯನ್ನು ಕುರಿತು ಹೇಳತಕ್ಕದ್ದು ಹೆಚ್ಚಿಲ್ಲ. ಸೈಲೆನ್ಸರಿನೊಳಗಿನ ತಗಡು ತುಕ್ಕಿನಿಂದ ಕಳಚಿ ಅಡ್ಡಬಿದ್ದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಎಂಜಿನ್ನನ್ನು ನಿಮಿಷಕ್ಕೆ ಎರಡು ಸಾವಿರ ಸುತ್ತಿನಲ್ಲಿ ಹಿಡಿದಿಟ್ಟಾಗ ನಿರ್ವಾತಮಾಪಕದ ಮುಳ್ಳು ಮೊದಲು ಚೆನ್ನಾಗಿದ್ದು ಆಮೇಲೆ ನಿಧಾನವಾಗಿ ಕುಸಿಯುತ್ತ ಬಂದರೆ ಈ ಸಂಶಯ ಬಲವಾಗುತ್ತದೆ; ಸೈಲೆನ್ಸರಿನ ಮುಂದಣ ಸಂದನ್ನು ಸಡಿಲಿಸಿ, ನೆರೆಹೊರೆಯವರ ಕ್ಷಮೆ ಬೇಡಿ, ಒಂದು ಸುತ್ತು ಓಡಿಸಿ ನೋಡಿದರೆ ನಿಶ್ಚಯವಾಗುತ್ತದೆ. 1995ರಿಂದ ಮಹಾನಗರಗಳಲ್ಲಿ ಬಂದ ಕ್ಯಾಟಲಿಟಿಕ್ ಕನ್ವರ್ಟರು ಇರುವ ಗಾಡಿಗಳು ಈಗ ತಾವೂ ಹಳೆಯವಾಗಿವೆ. ಮಿಸ್ಸಿಂಗನ್ನು ಉಪೇಕ್ಷಿಸಿ ಓಡಿಸಿದವರ ಗಾಡಿಯಲ್ಲಿ ಸುಡದ ಪೆಟ್ರೋಲು ಅದರೊಳಗೆ ಉರಿದು, ಜೇನುಹುಟ್ಟಿನಂಥ ಅದರ ಒಡಲು ಕರಗಿ ಗಟ್ಟಿಯಾಗಿ, ದಾರಿಯೇ ಮುಚ್ಚಿಹೋಗುತ್ತದೆ.

ಇಷ್ಟೆಲ್ಲ ಶೋಧನೆಯ ಕಡೆಯಲ್ಲಿ, ನಾಲ್ಕು ಸಿಲಿಂಡರುಗಳ ಒತ್ತಡವೂ ಸಮಾನವಾಗಿ ತೊಂಬತ್ತರ ಆಚೆಈಚೆಗೆ ಇಳಿದಿದ್ದು, ಎಣ್ಣೆ ಹುಯ್ದರೆ ಏರುತ್ತಿದ್ದು, ಸೈಲೆನ್ಸರಿನ ತುದಿಯಲ್ಲಿ ನೀಲಿಹೊಗೆಯೂ ಇದ್ದರೆ, ದೋಷವು ಯಾವುದೋ ಒಂದು ಸಾಮಾನಿನದಲ್ಲ, ಸವೆತದ್ದು. ಅಲ್ಲಿ ಟ್ಯೂನಿಂಗು ಮಾಡಿಸುವುದು ಹಣವನ್ನು ಹೊಗೆಯಾಗಿಸುವ ಇನ್ನೊಂದು ಮಾರ್ಗ. ಬೋರ್ ಮಾಡಿಸಿ, 20 ಅಥವಾ 40 ಥೌ, ಎಂದರೆ ಇಂಚಿನ ಸಾವಿರದಲ್ಲಿ ಅಷ್ಟು ಪಾಲು, ಹೆಚ್ಚಿನ ಅಳತೆಯ ಪಿಸ್ಟನ್ನುಗಳನ್ನು ಹಾಕಿಸಬೇಕು. ಅದಕ್ಕೂ ಮೀರಿ ಸವೆದಿದ್ದರೆ ಸ್ಲೀವು ತೊಡಿಸಬೇಕು. ಆದರೆ ಇಲ್ಲಿ ನನ್ನ ಅಭಿಪ್ರಾಯವು ಗ್ಯಾರೇಜಿನವರ ಅಭಿಪ್ರಾಯಕ್ಕಿಂತ ಭಿನ್ನವಾಗಿದೆ. ಘಟ್ಟ ಹತ್ತಿಸುವ, ದೂರ ಪ್ರಯಾಣ ಮಾಡುವ ಗಾಡಿಯಾದರೆ ಬೋರ್ ಮಾಡಿಸಿರಿ. ಭಾನುವಾರ ದೇವಸ್ಥಾನಕ್ಕೂ ವಾರದ ನಡುವೆ ಒಮ್ಮೆ ಮಾರುಕಟ್ಟೆಗೂ ಹೋಗಿಬರುವ ಗಾಡಿಯಾದರೆ, ಆಯಿಲ್ಲನ್ನು ಆಗಾಗ ನೋಡಿ ತುಂಬಿಸುತ್ತ, ದಿಣ್ಣೆ ಬಂದಾಗ ಎಂಜಿನ್ನು ಮುಕ್ಕರಿಯುವ ಮೊದಲೇ ಕೆಳಗೇರಿಗೆ ಇಳಿಸುತ್ತ, ಅದನ್ನು ಬಿಚ್ಚದೆ ಓಡಿಸಿರಿ. ಆ ಹೆಡ್ಡನ್ನು ಮತ್ತೆ ಸರಿಯಾಗಿ ಬಿಗಿಯಬಲ್ಲ ಕೈಗಳು ಊರಿನಲ್ಲಿ ಎಷ್ಟಿವೆ ಎಂಬುದನ್ನು ವಿಚಾರಿಸಿಕೊಂಡ ಮೇಲೆಯೇ ಬಿಚ್ಚುವ ಮಾತು.